ಲುಂಗ್ ಚರೂನರ ಮೂವತ್ತೇಳು ಡಿಗ್ರಿ

ನಾನು ಬರುತ್ತೇನೆಂದು ತಿಳಿದರೆ ಸಾಕು, ಜನ ಏಸಿ ಆರಿಸಿಬಿಡುತ್ತಾರೆ. ಹತ್ತೊಂಬತ್ತು ವರ್ಷದಿಂದ ಇದೇ ಹಣೆಬರಹ. ದೊಡ್ಡ ಅಂಗಡಿ, ಹೋಟೆಲು, ಶೀತಗೃಹಗಳ ಕರೆಂಟಿನ ಪ್ಯಾನೆಲ್ಲುಗಳ ಮುಂದೆ ಶಾಖ ಕಾಣಿಸುವ ಕ್ಯಾಮೆರಾ ಹಿಡಿದು ನಿಂತು, ಎಲ್ಲಿ ಬೋಲ್ಟು ಸಡಿಲವಾಗಿದೆ, ಎಲ್ಲಿ ತಾಮ್ರ ಕಾಯುತ್ತಿದೆ ಎಂದು ಹುಡುಕುವುದು ನನ್ನ ಕೆಲಸ. ಕರೆಂಟು ಭರ್ತಿ ಹರಿಯುತ್ತಿದ್ದರೆ ತಾನೇ ಕಾಯುವುದು? ಅದನ್ನೇ ಆರಿಸಿ ಕೂತು, "ಪೀ ಜುಮ್ ಬರ್ತಾರಲ್ಲ, ಎಲ್ಲ ತಣ್ಣಗಿರ್ಲಿ ಅಂತ" ಎಂದು ಹಲ್ಲು ಕಿರಿಯುತ್ತಾರೆ. ಪೀ ಅಂದರೆ ಅಕ್ಕ, ಜುಮ್ ನನ್ನನ್ನು ಕರೆಯುವ ಹೆಸರು. ಅಕ್ಕನಿಗೆ ಸೆಕೆಯಾಗಬಾರದು, ಅಕ್ಕನ ವರದಿಯಲ್ಲಿ ಕೆಂಪು ಬಣ್ಣ ಬರಬಾರದು, ಅಕ್ಕ ಎಳನೀರು ಕುಡಿದು ಸಹಿ ಹಾಕಿ ನಗುನಗುತ್ತಾ ಹೋಗಬೇಕು. ನಮ್ಮ ತ್ರಾಂಗ್ ಊರಿನ ಜನ ಬಹಳ ಒಳ್ಳೆಯವರು. ಅದೇ ನನ್ನ ಕರ್ಮ.

ಇಡೀ ಊರಿನಲ್ಲಿ ಹಾಗೆ ಮಾಡದವರು ಒಬ್ಬರೇ ಒಬ್ಬರಿದ್ದರು. ರೈಲು ನಿಲ್ದಾಣದ ರಸ್ತೆಯಲ್ಲಿರುವ ಮೂರು ಮಹಡಿಯ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಕರೆಂಟು ನೋಡಿಕೊಳ್ಳುತ್ತಿದ್ದ ಲುಂಗ್ ಚರೂನ್. ಲುಂಗ್ ಅಂದರೆ ದೊಡ್ಡಪ್ಪ. ಅಂಗಡಿಗೆಲ್ಲ ಅವರು ದೊಡ್ಡಪ್ಪನೇ. ನಾನು ಹೋದ ದಿನ ಅವರು ಏಸಿ, ಎಸ್ಕಲೇಟರು, ಮೇಲಿನ ಊಟದ ಮಳಿಗೆಗಳ ಒಲೆಗಳು, ಯಾರೂ ಹತ್ತದ ಹಿಂಬದಿಯ ಲಿಫ್ಟು, ಎಲ್ಲವನ್ನೂ ಓಡಿಸಿ ನಿಂತಿರುತ್ತಿದ್ದರು. "ಬಾ ಮಗಳೇ, ಎಲ್ಲಾ ಕುದೀತಾ ಇದೆ. ನಿನ್ನ ಯಂತ್ರ ತೆಗಿ" ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಹಬ್ಬ.

ಅವರು ನಾ ಯೋಂಗ್ ಕಡೆಯ ರಬ್ಬರು ಮರ ಗೀರಿ ಹಾಲು ತೆಗೆಯುವವರ ಮನೆಯಲ್ಲಿ ಹುಟ್ಟಿದವರು. ಕುಳ್ಳು, ಕಪ್ಪು, ಬಾಯಿ ತುಂಬ ನಮ್ಮ ದಕ್ಷಿಣದ ಅರ್ಧ ನುಂಗಿದ ಮಾತು. ಬೆಳಿಗ್ಗೆ ಹಂದಿಯ ಸುಟ್ಟ ಮಾಂಸ ನಾಲ್ಕು ತುಂಡು, ಕಪ್ಪು ಕಾಫಿ, ಆಮೇಲೆ ಮಧ್ಯಾಹ್ನದವರೆಗೆ ನೀರೂ ಇಲ್ಲ. ಕೆಳಗಿನ ಕರೆಂಟಿನ ಕೋಣೆಯ ಹೊರಗೆ ಒಂದು ಪಿಕಳಾರ ಹಕ್ಕಿಯ ಪಂಜರ ನೇತುಹಾಕಿದ್ದರು. ಭಾನುವಾರ ಹಕ್ಕಿಗಳ ಕೂಗಿನ ಪಂದ್ಯಕ್ಕೆ ಅದನ್ನು ಹೊತ್ತೊಯ್ಯುವುದು, ಸೋತು ಬರುವುದು. "ಪಂದ್ಯದಲ್ಲಿ ಬಾಯಿ ಬಿಡಲ್ಲ, ಇಲ್ಲಿ ಬಂದ್ರೆ ಮುಚ್ಚಲ್ಲ. ತಾವ್ಕೆ ಎದುರಿಗೆ ನಾನು ಹೆಂಗೋ ಹಂಗೇ ಇದು" ಎಂದು ಅದಕ್ಕೆ ಬಾಳೆಹಣ್ಣು ತಿನ್ನಿಸುತ್ತಿದ್ದರು. ತಾವ್ಕೆ ಅಂದರೆ ಅಂಗಡಿಯ ಯಜಮಾನರು. ಅಪ್ಪ ಕಟ್ಟಿದ ಅಂಗಡಿಯನ್ನು ಒಂದು ದಿನವೂ ಮುಚ್ಚಿಲ್ಲ ಎಂಬುದೇ ಅವರ ಬಾಳಿನ ಹೆಮ್ಮೆ.

ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ಲುಂಗ್ ದೊಡ್ಡ ಪ್ಯಾನೆಲ್ಲಿನ ಎದುರು ನಿಂತು ಏಸಿಯ ಸ್ವಿಚ್ಚನ್ನು ಕೈಯಿಂದಲೇ ಎತ್ತಿ ಹಾಕುತ್ತಿದ್ದರು. ತಾನಾಗಿ ಹಾಕುವ ಮೋಟಾರು ಕೆಟ್ಟು ಆರು ವರ್ಷವಾಗಿತ್ತು. ಆ ಸ್ವಿಚ್ಚಿನ ಹಿಂದೆ, ತೆಳು ತಗಡಿನ ಆಚೆ, ಒಂದು ಮೊಳ ದೂರದಲ್ಲಿ ಒಂದು ಜಾಯಿಂಟು. ಎರಡು ತಾಮ್ರದ ಪಟ್ಟಿಗಳನ್ನು ನಾಲ್ಕು ಬೋಲ್ಟು ಹಿಡಿದಿರುವ ಜಾಗ. ಅಂಗಡಿಯ ಅರ್ಧ ಕರೆಂಟು ಅದರ ಮೇಲೆಯೇ ಹಾಯಬೇಕು.

ಎರಡು ವರ್ಷದ ಹಿಂದೆ ಅದು ನನ್ನ ಕ್ಯಾಮೆರಾದಲ್ಲಿ ತೊಂಬತ್ನಾಲ್ಕು ಡಿಗ್ರಿ ತೋರಿಸಿತು. ಪಕ್ಕದವೆರಡು ನಲವತ್ತರಲ್ಲಿದ್ದವು. ಜಾಯಿಂಟು ಸಡಿಲವಾದರೆ ಕಾಯುತ್ತದೆ, ಕಾದಷ್ಟೂ ಇನ್ನಷ್ಟು ಸಡಿಲವಾಗುತ್ತದೆ, ಹೀಗೆ ನಡೆದು ನಡೆದು ಒಂದು ದಿನ ಸಿಡಿಯುತ್ತದೆ. ಸಿಡಿದರೆ ಎದುರಿಗಿದ್ದವರ ಮುಖ ಉಳಿಯುವುದಿಲ್ಲ. ಎದುರಿಗೆ ದಿನಾ ನಿಲ್ಲುತ್ತಿದ್ದವರು ಲುಂಗ್ ಚರೂನ್. ಆರು ಗಂಟೆ ಕರೆಂಟು ತೆಗೆದು ತಾಮ್ರ ಬಿಚ್ಚಿ ಉಜ್ಜಿ ಹೊಸ ಬೋಲ್ಟು, ಹೊಸ ವಾಷರು ಹಾಕಬೇಕೆಂದು ಕೆಂಪು ಅಕ್ಷರದಲ್ಲಿ ಬರೆದುಕೊಟ್ಟೆ. ಲುಂಗ್ ಆ ವರದಿ ಹಿಡಿದು ತಾವ್ಕೆ ಹತ್ತಿರ ಮೂರು ಸಲ ಹೋದರು. ಮೂರನೆಯ ಸಲ, "ಹೊಸ ವರ್ಷದ ಹಿಂದಿನ ದಿನ ಬೆಳಿಗ್ಗೆ ಅಂಗಡಿಗೆ ಹರಸಕ್ಕೆ ಲುವಾಂಗ್ ಪೊ ಬರ್ತಾರೆ. ಆವಾಗ ಒಂದು ಗಂಟೆ ತಗೋ" ಎಂದು ಅಪ್ಪಣೆಯಾಯಿತು. ಲುವಾಂಗ್ ಪೊ ಎಂದರೆ ನಮ್ಮ ಊರಿನ ವಿಹಾರದ ಹಿರಿಯ ಭಿಕ್ಷು.

ಹೋದ ವರ್ಷ ಹೋದೆ. ಜಾಯಿಂಟು ಮೂವತ್ತೇಳು ಡಿಗ್ರಿ. ಉಜ್ಜಿದ ತಾಮ್ರವೇ ಎಂಬಂತೆ ಥಳಥಳ ಹೊಳೆಯುತ್ತಿತ್ತು. ದಪ್ಪ ರಕ್ಷಣೆಯ ಕೋಟಿನೊಳಗೆ ಬೆವರಿ ಬಸವಳಿದಿದ್ದೆ, ಕಣ್ಣಿನೆದುರು ಹಳದಿ ಗಾಜಿನ ಮುಸುಕು, ಅದು ಆ ದಿನದ ಒಂಬತ್ತನೆಯ ಪ್ಯಾನೆಲ್. ಅಬ್ಬಾ, ಯಾರೋ ಒಬ್ಬರು ನನ್ನ ಮಾತು ಕೇಳಿದರಲ್ಲ ಎಂದು ಎಷ್ಟು ಸಂತೋಷವಾಯಿತೆಂದರೆ, ಮತ್ತೊಂದು ಅಂಕಿಯನ್ನು ನೋಡಿಯೂ ನೋಡದ ಹಾಗೆ ಬಿಟ್ಟೆ. ಜಾಯಿಂಟನ್ನು ಹೊತ್ತಿರುವ ಪಿಂಗಾಣಿಯ ಆಧಾರ ಐವತ್ತೆಂಟು ತೋರಿಸುತ್ತಿತ್ತು. ಒಲೆ ತಣ್ಣಗಿದ್ದು ಒಲೆಯ ಪಕ್ಕದ ಗೋಡೆ ಕಾದಿರುವುದುಂಟೇ? 'ಸಹಜ ಸ್ಥಿತಿ' ಎಂದು ಬರೆದು ಸಹಿ ಜಡಿದು ಬಂದೆ. ಬಂದವಳು ನೂಡಲ್ಸ್ ತಿಂದು ನಿದ್ದೆ ಮಾಡಿದೆ.

ಈ ವರ್ಷ ಹೂವಿನ ಮಾರುಕಟ್ಟೆಯ ಹತ್ತಿರದ ಒಂದು ಹೋಟೆಲಿಗೆ ತಪಾಸಣೆಗೆ ಹೋದಾಗ ಅಲ್ಲಿನ ಮ್ಯಾನೇಜರ್ ಕೈಮುಗಿದು ಬಂದ. ಮುಖವೆಲ್ಲ ನಗು.

"ಪೀ ಜುಮ್, ನಾವೂ ಚಿನ್ನ ಹಚ್ಚಿಸಿಬಿಟ್ವಿ. ಸ್ವಲ್ಪ ನೋಡಿ, ನಮ್ದು ಎಷ್ಟಕ್ಕೆ ಇಳಿದಿದೆ ಅಂತ."

"ಯಾವ ಚಿನ್ನ ಮಾರಾಯ?"

"ಅದೇ, ಲುವಾಂಗ್ ಪೊ ಹರಸಿ ಕೊಟ್ಟ ಚಿನ್ನದ ರೇಕು. ಸ್ಟೇಷನ್ ರಸ್ತೆ ಅಂಗಡೀಲಿ ತೊಂಬತ್ನಾಲ್ಕಿದ್ದದ್ದು ಮೂವತ್ತೇಳಕ್ಕೆ ಇಳೀತಂತಲ್ಲ. ನಿಮ್ಮ ಸಹಿ ಇರೋ ಕಾಗದಾನೇ ಫ್ರೇಮ್ ಹಾಕಿಸಿ ತೂಗುಹಾಕಿದ್ದಾರೆ. ನಾಲ್ಕು ಕಡೆ ಹಚ್ಚಿಸಿದಾರೆ ಈಗ, ಗೊತ್ತಿಲ್ವಾ ನಿಮಗೆ?"

ನಮ್ಮಲ್ಲಿ ಹೊಸ ಗಾಡಿ, ಮನೆಬಾಗಿಲು, ಅಂಗಡಿ ಫಲಕಕ್ಕೆಲ್ಲ ಭಿಕ್ಷುಗಳು ಬಿಳಿ ಗಂಧದ ಬೊಟ್ಟಿಟ್ಟು ಚಿನ್ನದ ರೇಕು ಅಂಟಿಸುತ್ತಾರೆ. ಬಾಗಿಲಿಗೆ ಎಷ್ಟು ಬೇಕಾದರೂ ಅಂಟಿಸಲಿ, ನನ್ನದೇನೂ ತಕರಾರಿಲ್ಲ. ಆದರೆ ಹೊಳೆಯುವ ಲೋಹ ಒಳಗಿನ ಶಾಖವನ್ನು ಹೊರಗೆ ತೋರಿಸುವುದಿಲ್ಲ. ಕ್ಯಾಮೆರಾಕ್ಕೆ ಅದು ಕನ್ನಡಿ, ಎದುರಿಗಿದ್ದದ್ದನ್ನೇ ತೋರಿಸುತ್ತದೆ. ಎದುರಿಗಿದ್ದವಳು ಯಾರು? ನಾನು. ಮೂವತ್ತೇಳು ಡಿಗ್ರಿ ಜಾಯಿಂಟಿನ ಶಾಖವಲ್ಲ, ನನ್ನದೇ ಮೈಯ ಬಿಸಿ! ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡು ಇನ್ನೊಬ್ಬರಿಗೆ ಆರೋಗ್ಯ ಚೆನ್ನಾಗಿದೆ ಎಂದು ಬರೆದುಕೊಟ್ಟಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಪಾಠ ಹೇಳುವ ದೊಡ್ಡ ಪರೀಕ್ಷಕಿ ನಾನು. ಥೂ!

ಹೋಟೆಲಿನ ಕೆಲಸ ಅಲ್ಲೇ ಬಿಟ್ಟು ಅಂಗಡಿಗೆ ಸ್ಕೂಟರು ಓಡಿಸಿದೆ. ಸಸ್ಯಾಹಾರದ ಹಬ್ಬದ ಮೂರನೆಯ ದಿನ. ರಸ್ತೆಯುದ್ದಕ್ಕೂ ಹಳದಿ ಬಾವುಟ, ಎಲ್ಲರ ಮೈಮೇಲೂ ಬಿಳಿ ಬಟ್ಟೆ, ನನ್ನ ಮೈಮೇಲೂ. ಒಂಬತ್ತು ದಿನ ಮಾಂಸ ಮುಟ್ಟುವಂತಿಲ್ಲ, ಸುಳ್ಳಾಡುವಂತಿಲ್ಲ. ಅಂಗಡಿಯ ಮೇಲ್ಮಹಡಿಯಲ್ಲಿ ಊಟದ ಮಳಿಗೆಗಳೆಲ್ಲ ಹಬೆಯಾಡುತ್ತಿದ್ದವು. ವರ್ಷದಲ್ಲೇ ಅತಿ ಹೆಚ್ಚು ಕರೆಂಟು ಎಳೆಯುವ ದಿನಗಳವು. ಲುಂಗ್ ಕೋಣೆಯ ಹೊರಗೆ ಕೂತು ಹಕ್ಕಿಗೆ ನೀರಿಡುತ್ತಿದ್ದರು.

"ಲುಂಗ್, ಜಾಯಿಂಟಿಗೆ ಚಿನ್ನ ಹಚ್ಚಿದ್ರಾ?"

"ಹೂಂ, ಹಚ್ಚಿದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲ. ನೋಡ್ದೆ, ಖುಷಿಪಟ್ಟೆ, ಸಹಿ ಹಾಕ್ದೆ, ಹೋದೆ."

"ಬೋಲ್ಟು ಬದಲಾಯಿಸಿದ್ರಾ ಇಲ್ವಾ, ಅದು ಹೇಳಿ ಮೊದ್ಲು."

"ಎಲ್ಲಿಂದ ತರ್ಲಿ? ಬೋಲ್ಟಿಗೆ ಅಂತ ಬರೆದುಕೊಟ್ಟ ಚೀಟಿ ತಾವ್ಕೆ ಮೇಜಿನ ಮೇಲೇ ಕೂತಿತ್ತು. ಕೊಟ್ಟಿದ್ದು ಒಂದು ಗಂಟೆ, ತಗಡು ಬಿಚ್ಚಕ್ಕೇ ಅರ್ಧ ಗಂಟೆ. ಒಂದು ಬೋಲ್ಟಿನ ಥ್ರೆಡ್ಡೇ ಸವೆದೋಗಿತ್ತು. ಬಿಗಿ ಮಾಡೋಷ್ಟು ಮಾಡ್ದೆ. ಆವಾಗ ಲುವಾಂಗ್ ಪೊ ಪ್ಯಾನೆಲ್ ಬಾಗಿಲಿಗೆ ಗಂಧ ಇಟ್ಟು, ಮೂರು ರೇಕು ಉಳೀತು ಅಂತ ನನ್ನ ಕೈಗೆ ಕೊಟ್ರು. ಅವರು ಆಚೆ ಹೋದ್ಮೇಲೆ ಒಳಗೆ ಅಂಟಿಸಿದೆ. ನೀನು ಮೂವತ್ತೇಳು ಅಂದ್ಮೇಲೆ ತಾವ್ಕೆಗೂ ಹೇಳ್ದೆ." ನೀರಿನ ಬಟ್ಟಲನ್ನು ಪಂಜರದೊಳಗೆ ಸರಿಯಾಗಿ ಕೂರಿಸಿ ನನ್ನ ಕಡೆ ತಿರುಗಿದರು. "ತಾವ್ಕೆ ಕೊಡದೆ ಇದ್ದದ್ದನ್ನ ಇನ್ಯಾರ ಹತ್ರ ಕೇಳ್ಲಿ ಮಗಳೇ?"

ನನಗೆ ಅಳು ಬಂತು, ಅದಕ್ಕಿಂತ ಮುಂಚೆ ಸಿಟ್ಟು ಬಂತು. "ಆ ಚಿನ್ನ ಏನೂ ಮಾಡ್ತಿಲ್ಲ ಲುಂಗ್! ಒಳಗೆ ಹಂಗೇ ಕಾಯ್ತಾ ಇದೆ."

"ಮಾಡ್ತಿದೆ. ನೀನೇ ಅಳೆದಿದ್ದಲ್ವಾ? ಲುವಾಂಗ್ ಪೊ ಹೇಳಿದ್ರೆ ಅರ್ಧ ನಂಬ್ತಿದ್ದೆ. ನಿನ್ನ ಯಂತ್ರ ಹೇಳ್ತು ಅಂತ ಪೂರ್ತಿ ನಂಬ್ದೆ."

ಕೋಟು ಮುಸುಕು ತೊಟ್ಟು ತಗಡು ತೆಗೆಸಿ ನೋಡಿದೆ. ಚಿನ್ನ ಮೂವತ್ತೆಂಟು. ಪಿಂಗಾಣಿಯ ಆಧಾರ ಎಂಬತ್ತೊಂದು. ಒಳಗೆ ನೂರು ದಾಟಿರಲೇಬೇಕು. ಅವರಿಗೆ ಎರಡು ಅಂಕಿಯನ್ನೂ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, ತಲೆ ಆಡಿಸಿದರು.

"ಯಾವುದನ್ನ ನಂಬ್ಲಿ? ಅದೇ ಯಂತ್ರ. ಆವತ್ತು ಸುಳ್ಳು ಹೇಳ್ತಂತೆ, ಇವತ್ತು ನಿಜ ಹೇಳ್ತಂತೆ."

"ಮೊಂಡು ಮುದುಕ ನೀವು! ನಾಳೆ ಬೆಳಿಗ್ಗೆ ಇದರ ಮುಂದೆ ನಿಲ್ಲೋರು ನೀವು, ತಾವ್ಕೆ ಅಲ್ಲ, ಲುವಾಂಗ್ ಪೊನೂ ಅಲ್ಲ!" ಎಂದು ಕೂಗಿದೆ. ಹಿರಿಯರ ಮೇಲೆ ಹಾಗೆ ಕೂಗಬಾರದು, ಅದರಲ್ಲೂ ಬಿಳಿ ಬಟ್ಟೆಯಲ್ಲಿ. ಅವರು ತಗಡು ಮುಚ್ಚಿ ಒಂದೊಂದೇ ಸ್ಕ್ರೂ ಹಾಕತೊಡಗಿದರು.

ಮೇಲೆ ತಾವ್ಕೆ ಹತ್ತಿರ ಹೋದೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ಲುವಾಂಗ್ ಪೊ ಪಟ, ಅದರ ಪಕ್ಕದಲ್ಲಿ ಚಿನ್ನದ ಬಣ್ಣದ ಫ್ರೇಮಿನಲ್ಲಿ ನನ್ನ ವರದಿ. ಕೆಳಗೆ ಮಲ್ಲಿಗೆ ಹಾರ ಬೇರೆ. ಬಾಯಲ್ಲಿ ಹೇಳಿದರೆ ಕೋಣನ ಮುಂದೆ ಕಿನ್ನರಿ ಎಂದು ಗೊತ್ತಿದ್ದರಿಂದ, ಎದುರಿಗಿದ್ದ ಪಿಂಗಾಣಿ ಲೋಟಕ್ಕೆ ಕುದಿಯುವ ಚಹಾ ಬಗ್ಗಿಸಿ, ಅಲ್ಲೇ ಇದ್ದ ವಿಹಾರದ ಹುಂಡಿಯ ಹತ್ತಿರ ಮಾರಲು ಇಟ್ಟಿದ್ದ ಒಂದು ರೇಕನ್ನು ಅದರ ಅರ್ಧಕ್ಕೆ ಅಂಟಿಸಿ, ಕ್ಯಾಮೆರಾ ಹಿಡಿದೆ. ಪರದೆಯಲ್ಲಿ ಲೋಟದ ಅರ್ಧ ಕೆಂಪು, ಚಿನ್ನದ ಅರ್ಧ ನೀಲಿ.

"ನೋಡಿ ತಾವ್ಕೆ, ಚಿನ್ನ ಇರೋ ಕಡೆ ತಣ್ಣಗೆ ಕಾಣುತ್ತೆ. ಈಗ ಅಲ್ಲಿ ಬೆರಳಿಡಿ."

ಇಟ್ಟರು. "ಅಯ್ಯಯ್ಯೋ!" ಎಂದು ಕಿತ್ತುಕೊಂಡು ಬೆರಳನ್ನು ಬಾಯಿಗಿಟ್ಟುಕೊಂಡರು. ಗೆದ್ದೆ ಎಂದುಕೊಂಡೆ. ಬೆರಳು ಚೀಪುತ್ತಲೇ ಅವರು ಯೋಚಿಸಿ ಹೇಳಿದರು:

"ಈ ರೇಕಿಗೆ ಲುವಾಂಗ್ ಪೊ ಮಂತ್ರ ಹೇಳಿಲ್ವಲ್ಲ. ಬರೀ ಚಿನ್ನ. ಅದಕ್ಕೇ ಸುಡ್ತು."

ತಲೆ ತಲೆ ಚಚ್ಚಿಕೊಳ್ಳಬೇಕೆನಿಸಿತು. "ತಾವ್ಕೆ, ಆರು ಗಂಟೆ ಕರೆಂಟು ತೆಗೆಯಕ್ಕೆ ಬಿಡಿ ಸಾಕು. ಲುಂಗ್ ಸಾಯ್ತಾರೆ, ನಾನು ತಮಾಷೆಗೆ ಹೇಳ್ತಿಲ್ಲ."

"ಹಬ್ಬದಲ್ಲಿ ಆರು ಗಂಟೆ? ಮೇಲೆ ಮೂವತ್ತು ಮಳಿಗೆ ಇವೆ ತಂಗಿ, ಅವರ ತೋಫು ಹಳಸಿದ್ರೆ ನೀನು ತಿಂತೀಯಾ? ಹಬ್ಬ ಮುಗೀಲಿ, ನೋಡೋಣ."

"ಹಬ್ಬ ಮುಗಿದ್ಮೇಲೆ ಹೊಸ ವರ್ಷ ಅಂತೀರಿ. ಬಿಳಿ ಬಟ್ಟೆ ಹಾಕ್ಕೊಂಡು ಸುಳ್ಳಾಡಬೇಡಿ."

ಅವರಿಗೆ ಅದು ನಾಟಿತು. ಲೋಟ ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ಬೆರಳು ತೋರಿಸಿದರು. "ನಾನೆಲ್ಲಿ ಸುಳ್ಳಾಡಿದೆ? ಆ ಕಾಗದದಲ್ಲಿರೋ ಸಹಿ ನಂದಲ್ಲ. ಅದು ಸುಳ್ಳು ಅಂದ್ರೆ ಬರೆದೋರು ಯಾರು? ನಾಳೆ ನಿಮ್ಮ ಪರೀಕ್ಷಕರ ಸಂಘದೋರಿಗೆ ಇದು ಗೊತ್ತಾದ್ರೆ ನಿನ್ನ ಪ್ರಮಾಣಪತ್ರ ಏನಾಗುತ್ತೆ, ಯೋಚನೆ ಮಾಡು. ಸುಮ್ನೆ ಎಲ್ಲರೂ ನೆಮ್ಮದಿಯಾಗಿರೋಣ ಅಂತೀನಿ."

ಅಷ್ಟೂ ಹೊತ್ತು ಊರಿನವರನ್ನೆಲ್ಲ ಬೈದುಕೊಂಡು ತಿರುಗಿದ್ದೆ. ಲುವಾಂಗ್ ಪೊ ಬಾಗಿಲಿಗೆ ಹರಸಿದ್ದರು, ಅದು ಅವರ ಕೆಲಸ. ಲುಂಗ್ ಬೇಡಿಕೊಂಡಿದ್ದರು, ಬೇರೆ ದಾರಿ ಇರಲಿಲ್ಲ. ತಾವ್ಕೆ ಕಾಗದ ನಂಬಿದ್ದರು, ಕಾಗದ ಇರುವುದೇ ನಂಬುವುದಕ್ಕೆ. ಐವತ್ತೆಂಟನ್ನು ಕಣ್ಣಾರೆ ನೋಡಿ ಮೂವತ್ತೇಳನ್ನು ಬರೆದವಳು ನಾನೊಬ್ಬಳೇ.

ಸ್ಟೂಲು ಎಳೆದುಕೊಂಡು ಹತ್ತಿ ಫ್ರೇಮು ಕೆಳಗಿಳಿಸಿದೆ. ಗಲ್ಲಾದ ಹುಡುಗಿಯರು "ಪೀ, ಪೀ" ಎನ್ನುತ್ತಾ ಓಡಿಬಂದರು. ಹಿಂಬದಿಯ ರಟ್ಟು ಕಿತ್ತು, ಕಾಗದ ಹೊರಗೆಳೆದು, ಮೂವತ್ತೇಳರ ಮೇಲೆ ಗೀಟು ಹಾಕಿ ಬರೆದೆ: 'ಈ ಅಂಕಿ ತಪ್ಪು. ನಾನು ನೋಡಿದ್ದು ಚಿನ್ನದ ಹೊಳಪು. ಈ ಜಾಯಿಂಟಿನ ತಪಾಸಣೆ ಆಗಿಲ್ಲ.' ಕೆಳಗೆ ಪೂರ್ತಿ ಹೆಸರು, ಸುನಿಸಾ ಎಂದು, ಪ್ರಮಾಣಪತ್ರದ ಸಂಖ್ಯೆ, ದಿನಾಂಕ. ತಾವ್ಕೆ "ಹುಚ್ಚು ಹಿಡಿದಿದೆ ನಿನಗೆ" ಎಂದರು. ಹಿಡಿದಿರಬಹುದು.

ಕಾಗದ ಹಿಡಿದು ಕೆಳಗೆ ಹೋಗಿ ಲುಂಗ್ ಕೈಗೆ ಕೊಟ್ಟೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ಅಕ್ಷರಕ್ಕೆ ಅಕ್ಷರ ಓದಿದರು.

"ಅಂದ್ರೆ ಹೋದ ವರ್ಷ ನೀನಿದನ್ನ ನೋಡೇ ಇಲ್ಲ."

"ಇಲ್ಲ ಲುಂಗ್."

"ನೋಡದೆ ಇರೋ ಪ್ಯಾನೆಲ್ ಮುಂದೆ ದಿನಾ ನನ್ನ ನಿಲ್ಲಿಸಿದ್ದೆ."

"ಹೌದು ಲುಂಗ್. ತಪ್ಪಾಯ್ತು."

ಈ ಕೆಲಸಕ್ಕೆ ಸೇರಿದ ಮೇಲೆ ಆ ಶಬ್ದ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವರು ಕಾಗದ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು. ಆಮೇಲೆ ಕೈಚೀಲ ಹುಡುಕಿ ತಮ್ಮ ಕೆಂಪು ಬೀಗ ತೆಗೆದರು. ಕರೆಂಟಿನವರಲ್ಲಿ ಒಂದು ಕಟ್ಟಳೆಯಿದೆ. ಕೆಲಸಕ್ಕೆ ಕೈ ಹಾಕುವವನು ಸ್ವಿಚ್ಚು ಇಳಿಸಿ ತನ್ನ ಬೀಗ ಜಡಿದರೆ, ಅದನ್ನು ತೆಗೆಯಬೇಕಾದವನು ಅವನೊಬ್ಬನೇ. ಯಜಮಾನನಾದರೂ ಮುಟ್ಟುವಂತಿಲ್ಲ. ತಪಾಸಣೆಯಾಗದ ಪ್ಯಾನೆಲ್ಲನ್ನು ಓಡಿಸುವುದಿಲ್ಲ ಎಂಬುದು ಲುಂಗ್ ಅವರದೇ ಇನ್ನೊಂದು ಕಟ್ಟಳೆ. ಬೆಳಿಗ್ಗೆ ಹನ್ನೊಂದು ಗಂಟೆ, ಹಬ್ಬದ ಜನ ಕಿಕ್ಕಿರಿದಿದ್ದ ಹೊತ್ತಿನಲ್ಲಿ ಅವರು ಮೇನ್ ಸ್ವಿಚ್ಚು ಇಳಿಸಿದರು. ಇಡೀ ಅಂಗಡಿ ಕಪ್ಪಾಯಿತು. ಮೇಲಿಂದ ಹೋ ಎಂಬ ಗದ್ದಲ. ಅವರು ಬೀಗ ಜಡಿದು, ಬೀಗದಕೈಯನ್ನು ಕೊರಳಿನ ತಾಯಿತದ ಸರಕ್ಕೆ ಪೋಣಿಸಿ ಅಂಗಿಯೊಳಗೆ ಬಿಟ್ಟುಕೊಂಡರು.

ಟಾರ್ಚಿನ ಬೆಳಕಿನಲ್ಲಿ ತಗಡು ಬಿಚ್ಚಿ, ಕರೆಂಟು ಇಲ್ಲವೆಂದು ಎರಡೆರಡು ಸಲ ಪರೀಕ್ಷಿಸಿ, ಆರಲು ಬಿಟ್ಟು ಕಾದೆವು. ಲುಂಗ್ ಒಮ್ಮೆ ಕೈಮುಗಿದು, ಉಗುರಿನಿಂದ ಚಿನ್ನವನ್ನು ಬಿಡಿಸಿ ಕರವಸ್ತ್ರಕ್ಕೆ ಹಾಕಿಕೊಂಡರು. ಭಿಕ್ಷು ಹರಸಿದ್ದನ್ನು ಹೆಂಗಸು ಮುಟ್ಟಬಾರದೆಂದು ನನ್ನನ್ನು ಹಿಂದಕ್ಕೆ ಸರಿಸಿದರು. ಕೆಳಗಿನ ತಾಮ್ರ ನೀಲಿಗಟ್ಟಿ ಕರಿಕಾಗಿತ್ತು. ಆಧಾರದ ಪಿಂಗಾಣಿ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಅವರು ಬೋಲ್ಟು ತಿರುಗಿಸುವ ಪಾನಾ ಹಾಕಲು ಹೋದವರು ಸುಮ್ಮನೆ ಬೆರಳಿನಿಂದ ಮುಟ್ಟಿದರು, ಎರಡು ಬೋಲ್ಟುಗಳು ಬೆರಳಿಗೇ ತಿರುಗಿದವು. ಮೂರನೆಯದು ಕೈಗೇ ಬಂತು. ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ತಾವ್ಕೆ ಮೊಬೈಲಿನ ಬೆಳಕು ಹಿಡಿದು ಕೂಗುತ್ತಾ ಮೆಟ್ಟಿಲಿಳಿದು ಬಂದರು. "ಯಾರ್ ಹೇಳಿದ್ರೋ ನಿಂಗೆ ಆರ್ಸು ಅಂತ? ಅಪ್ಪನ ಕಾಲದಿಂದ ಒಂದು ದಿನ ಮುಚ್ಚಿಲ್ಲ ಈ ಅಂಗಡಿ!"

ಲುಂಗ್ ಕೂತಲ್ಲಿಂದಲೇ ಅಂಗೈ ಚಾಚಿ ಸುಟ್ಟ ಬೋಲ್ಟು ತೋರಿಸಿದರು. ತಾವ್ಕೆ ಬೆಳಕು ಹಿಡಿದು ಅದನ್ನು ನೋಡಿದರು, ಜಾಯಿಂಟನ್ನು ನೋಡಿದರು, ಬಹಳ ಹೊತ್ತು ನೋಡಿದರು. ಅವರು ಮೂರ್ಖರಲ್ಲ.

"ಇಷ್ಟಾದ್ರೂ ಸಿಡೀಲಿಲ್ಲ ಅಂದ್ರೆ," ಎಂದು ಕೊನೆಗೆ ಗೊಣಗಿದರು, "ಒಂದು ವರ್ಷ ಕಾಪಾಡಿದ್ದು ಚಿನ್ನಾನೇ ತಾನೇ?"

ನಾನು ಬಾಯಿ ತೆರೆಯುವಷ್ಟರಲ್ಲಿ ಲುಂಗ್ ಹೇಳಿದರು: "ಹೌದು ತಾವ್ಕೆ. ಕಾಪಾಡ್ತು. ಸಾಕಷ್ಟು ಕಾಪಾಡ್ತು. ಇನ್ನೂ ಅದಕ್ಕೇ ಹೊರೆ ಹೊರಿಸೋದು ಪಾಪ. ಬೋಲ್ಟು ತರ್ಸಿ."

ತಾವ್ಕೆ ಬೋಲ್ಟು ತರಿಸಿದರು. ಬೇರೆ ಗತಿ ಇರಲಿಲ್ಲ. ಬೀಗದಕೈ ಲುಂಗ್ ಎದೆಯ ಮೇಲಿತ್ತು. ಹೊಸ ತಾಮ್ರದ ತುಂಡು, ಹೊಸ ಆಧಾರ, ಬೋಲ್ಟು, ವಾಷರು ಎಲ್ಲ ಹಾತ್ ಯಾಯ್ ಪಟ್ಟಣದಿಂದ ವ್ಯಾನಿನಲ್ಲಿ ಬರಲು ಮೂರು ಗಂಟೆ, ಕೂರಿಸಲು ಇನ್ನು ಮೂರು. ಮಳಿಗೆಯವರು ತಂತಮ್ಮ ತೋಫು, ಅಣಬೆ ಹುರಿದದ್ದನ್ನು ಅಂಗಡಿಯ ಮುಂದೆ ರಸ್ತೆಬದಿಗೆ ತಂದಿಟ್ಟು ಮಾರಿಬಿಟ್ಟರು. ಏನೂ ಹಳಸಲಿಲ್ಲ. ಎರಡು ವರ್ಷ ಆಗುವುದಿಲ್ಲ ಆಗುವುದಿಲ್ಲ ಎಂದದ್ದು ಒಂದು ಹಗಲಿನಲ್ಲಿ ಆಗಿಹೋಯಿತು. ಅದನ್ನು ನೆನೆದರೆ ಈಗಲೂ ನನ್ನ ಪಿತ್ತ ನೆತ್ತಿಗೇರುತ್ತದೆ.

ಸಂಜೆ ಐದಕ್ಕೆ ಲುಂಗ್ ಬೀಗ ತೆಗೆದು ಸ್ವಿಚ್ಚು ಎತ್ತಿದರು. ಹೊಸ ಜಾಯಿಂಟಿನ ಮೇಲೆ ಈ ಸಲ ಮೊದಲೇ ಕಪ್ಪು ಟೇ‍ಪಿನ ಒಂದು ತುಂಡು ಅಂಟಿಸಿದ್ದೆ. ಕಪ್ಪು ಟೇಪು ಕ್ಯಾಮೆರಾಕ್ಕೆ ಸುಳ್ಳು ಹೇಳುವುದಿಲ್ಲ. ಎಲ್ಲ ಒಲೆ, ಎಲ್ಲ ಏಸಿ ಓಡುವಾಗ ಒಂದು ಗಂಟೆ ಬಿಟ್ಟು ನೋಡಿದೆ. ನಲವತ್ತೊಂದು. ಆಧಾರ ನಲವತ್ತು. ಒಂದಕ್ಕೊಂದು ತಾಳೆಯಾಗುತ್ತಿತ್ತು. ಮುಸುಕು ತೆಗೆದು, ಬೆವರು ಒರೆಸಿಕೊಂಡು, ನಗುತ್ತಾ ಹೇಳಿದೆ:

"ಸರಿಯಾಗಿದೆ ಲುಂಗ್. ನಲವತ್ತೊಂದು. ಇನ್ನು ಭಯ ಇಲ್ಲ."

ಅವರು ಪರದೆಯ ಕಡೆ ನೋಡಲೂ ಇಲ್ಲ. ಪಾನಾಗಳನ್ನು ಒರೆಸಿ ಚೀಲಕ್ಕೆ ಹಾಕುತ್ತಿದ್ದರು.

"ಹೋದ ವರ್ಷಾನೂ ಹಿಂಗೇ ನಗ್ತಾ ಹೇಳಿದ್ದೆ ಮಗಳೇ," ಎಂದರು. ಬೈಗುಳವಿರಲಿಲ್ಲ ಆ ದನಿಯಲ್ಲಿ. ಬೈದಿದ್ದರೆ ಚೆನ್ನಾಗಿತ್ತು. "ಹೊಸ ಬೋಲ್ಟು ಕಾದು ಆರಿ ಕೂತ್ಕೊಳ್ಳುತ್ತೆ, ಆವಾಗ ಸ್ವಲ್ಪ ಸಡಿಲ ಆಗುತ್ತೆ. ಎಂಟು ದಿನ ಬಿಟ್ಟು ನಾನೇ ಪಾನಾ ಹಾಕಿ ನೋಡ್ತೀನಿ. ಕೈಗೆ ಗೊತ್ತಾಗುತ್ತೆ."

ಎಂಟು ದಿನ ಅವರಿಗೆ ಸಿಗಲಿಲ್ಲ. ಹಬ್ಬದ ಕೊನೆಯ ಮೆರವಣಿಗೆ ಮುಗಿದ ಮಾರನೆಯ ಬೆಳಿಗ್ಗೆಯೇ ತಾವ್ಕೆ ಅವರನ್ನು ಕರೆದು, ವಯಸ್ಸಾಯಿತು, ಇನ್ನು ವಿಶ್ರಾಂತಿ ತಗೊಳ್ಳಿ ಎಂದು ಕೈಮುಗಿದು ಕಳಿಸಿಕೊಟ್ಟರು. ಬಹಳ ಮರ್ಯಾದೆಯಿಂದಲೇ ಕಳಿಸಿದರು, ಹಣ್ಣಿನ ಬುಟ್ಟಿ ಬೇರೆ. ನಾನೇ ಬರೆದುಕೊಟ್ಟ ತಪ್ಪೊಪ್ಪಿಗೆಯ ಮೇಲೆ ನಮ್ಮ ಸಂಘದವರು ನನ್ನ ಪ್ರಮಾಣಪತ್ರವನ್ನು ಒಂದು ವರ್ಷ ತಡೆಹಿಡಿದರು. ಚಿನ್ನ ಹಚ್ಚಿಸಿದ್ದ ಉಳಿದ ನಾಲ್ಕು ಕಡೆಗೂ ಫೋನು ಮಾಡಿದೆ. ಮೂವರು ಕೆರೆದು ತೆಗೆಸಿದರು. ಹೋಟೆಲಿನ ಮ್ಯಾನೇಜರ್ "ಈಗ ಪೀ ಹತ್ರ ಲೈಸೆನ್ಸ್ ಇಲ್ವಲ್ಲ" ಎಂದು ಫೋನಿಟ್ಟುಬಿಟ್ಟ. ಅವನಿಗೆ ಮತ್ತೆ ಮಾಡುತ್ತೇನೆ, ದಿನಾ ಮಾಡುತ್ತೇನೆ, ಕೆರೆದು ತೆಗೆಸುವವರೆಗೂ ಮಾಡುತ್ತೇನೆ.

ಎಂಟನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಲುಂಗ್ ಪಾನಾ ಚೀಲ ಹಿಡಿದು ಅಂಗಡಿಯ ಹಿಂಬಾಗಿಲಿಗೆ ಹೋದರಂತೆ. ಕಾವಲಿನವನು ಬಿಡಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತರು. ಅವರ ಜಾಗಕ್ಕೆ ಬಂದಿದ್ದ ಹೊಸಬ, ಎರಡು ಮಕ್ಕಳ ತಂದೆ, ಕೆಳಗಿನಿಂದ ಹತ್ತಿ ಬಂದು, "ಅದರ ಮುಂದೆ ಈಗ ದಿನಾ ನಿಲ್ಲೋನು ನಾನು. ಲುಂಗ್‌ನ ಬಿಡ್ಲಿಲ್ಲ ಅಂದ್ರೆ ನಾನೂ ಇವತ್ತು ಸ್ವಿಚ್ ಹಾಕಲ್ಲ" ಎಂದನಂತೆ. ಅಂಗಡಿ ತೆಗೆಯಲು ಅರ್ಧ ಗಂಟೆ ಇತ್ತು, ಬಿಟ್ಟರು.

ಹನ್ನೊಂದು ಗಂಟೆಗೆ ನನ್ನ ಫೋನು ಹೊಡೆಯಿತು. ಹಿನ್ನೆಲೆಯಲ್ಲಿ ಬಸ್ಸಿನ ಸದ್ದು.

"ತಿರುಗ್ತು ಮಗಳೇ," ಎಂದರು ಲುಂಗ್ ಚರೂನ್. "ಕಾಲು ಸುತ್ತು. ನಾಲ್ಕು ಬೋಲ್ಟೂ. ಬಿಗಿ ಮಾಡ್ದೆ."

ಮುಂದೇನಾದರೂ ಹೇಳುತ್ತಾರೇನೋ ಎಂದು ಕಾದೆ. ಅವರು ಫೋನಿಟ್ಟಿದ್ದರು.